ಬೆಸ ತಾರೀಖಿಗೆ ಆ ಬದಿ, ಸಮ ತಾರೀಖಿಗೆ ಈ ಬದಿ

ನನ್ನ ಗಂಡ ಶಂಕ್ರೆಪ್ಪನವರು ನನಗೆ ಇನ್ನೂ ಹನ್ನೊಂದು ಮಸಾಲೆ ದೋಸೆ ಬಾಕಿ ಕೊಡಬೇಕು. ಇದು ಪ್ರೀತಿಯ ದೋಸೆಯಲ್ಲ, ಹುಟ್ಟುಹಬ್ಬದ ದೋಸೆಯೂ ಅಲ್ಲ. ದುಡಿದ ಕೂಲಿ. ಬೆಳಿಗ್ಗೆ ಆರೂವರೆಯಿಂದ ಎಂಟೂಕಾಲರವರೆಗೆ, ಬಯಲಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಪಾರಿವಾಳಗಳು ತಲೆಯ ಮೇಲೆ ಏನೇನು ಮಾಡುತ್ತವೋ ಅದನ್ನೆಲ್ಲ ಮಾಡಿಸಿಕೊಂಡು ದುಡಿದದ್ದು. ದಿನಕ್ಕೊಂದು ದೋಸೆ, ಮೂಲೆಯ ಧನರಾಜ್ ಶೆಟ್ಟರ ಹೋಟೆಲಿನದು, ಜೊತೆಗೆ ಒಂದು ಕಾಫಿ ಎಂದು ಕರಾರಾಗಿತ್ತು. (ಕಾಫಿಯನ್ನು ನಾನೇ ಬಿಟ್ಟಿದ್ದೇನೆ. ಸಂಧಾನಕ್ಕೆ ಕೂತಾಗ ಏನಾದರೂ ಬಿಡಬೇಕಾಗುತ್ತದೆ.) ಕೇಳಿದರೆ, "ಕೆಲಸ ಕೆಟ್ಟ ಮ್ಯಾಲೆ ಕೂಲಿ ಎಲ್ಲೀದು?" ಅನ್ನುತ್ತಾರೆ. ಇಂಥ ಮಾತನ್ನು ನಾನು ಎಷ್ಟೋ ಮಾಲೀಕರ ಬಾಯಲ್ಲಿ ಕೇಳಿದ್ದೇನೆ. ನಾನೇ ಬೇಯಿಸಿದ್ದನ್ನು ತಿನ್ನುವ ಬಾಯಲ್ಲಿ ಕೇಳುತ್ತೇನೆಂದು ಎಣಿಸಿರಲಿಲ್ಲ.

ಯಾವ ಕೆಲಸ, ಹೇಗೆ ಕೆಟ್ಟಿತು ಎಂಬುದನ್ನು ಮೊದಲಿನಿಂದ ಹೇಳುತ್ತೇನೆ. ತೀರ್ಪು ನೀವೇ ಕೊಡಿ.

ನಾವಿರುವುದು ಚೆಂಬೂರಿನ ಒಂದು ಗಲ್ಲಿಯಲ್ಲಿ. ಬಿಲ್ಡಿಂಗಿಗೆ ಐವತ್ತು ವರ್ಷ. ಇಲ್ಲಿಯ ಜನ ಮುಂದೊಂದು ದಿನ ಕಾರು ಕೊಂಡಾರು ಎಂಬ ಅನುಮಾನ ಅದನ್ನು ಕಟ್ಟಿದವನಿಗೆ ಬಂದಿರಲಿಲ್ಲ. ಕಾಂಪೌಂಡಿನಲ್ಲಿ ಒಂದು ನೀರಿನ ಟಾಕಿ, ಒಂದು ಬೇವಿನ ಮರ, ಬಿಲ್ಡಿಂಗಿನ ಸೆಕ್ರೆಟರಿಯ ಸ್ಕೂಟರು. ಅಲ್ಲಿಗೆ ಜಾಗ ಮುಗಿಯಿತು. ಹೀಗಾಗಿ ಗಲ್ಲಿಯ ಕಾರುಗಳೆಲ್ಲ ರಸ್ತೆಯ ಮೇಲೇ ಬಾಳ್ವೆ ಮಾಡುತ್ತವೆ.

ಶಂಕ್ರೆಪ್ಪನವರು ಕಾರ್ಖಾನೆಯಿಂದ ನಿವೃತ್ತರಾದ ತಿಂಗಳೇ ಒಂದು ಸೆಕೆಂಡ್‌ಹ್ಯಾಂಡ್ ಕಾರು ತಂದರು. ಆಕಾಶದ ಬಣ್ಣದ್ದು, ಸಣ್ಣದು. "ಮೂವತ್ನಾಕು ವರ್ಷ ಬಸ್ಸಿನಾಗ ಮಂದಿ ಬಗಲಾಗ ಮೂಗ ಇಟ್ಕೊಂಡು ನಿಂತೀನಿ. ಇನ್ನ ಕುಂತ ಹೋಗ್ತೀನಿ," ಎಂದರು. ಕೂತರು, ನಿಜ. ಹೋಗಿದ್ದು ಕಡಿಮೆ. ಆ ಕಾರು ಓಡಿದ್ದಕ್ಕಿಂತ ಒರೆಸಿಕೊಂಡದ್ದೇ ಹೆಚ್ಚು. ಬೆಳಿಗ್ಗೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ಆಮೇಲೆ ನನ್ನ ಒಳ್ಳೆಯ ಟವೆಲು. ಒರೆಸಿ ಆದಮೇಲೆ ಒಳಗೆ ಕೂತು ಕಿಟಕಿ ಏರಿಸಿ ಪೇಪರು ಓದುವುದು. ಮನೆಯಲ್ಲಿ ಓದಿದರೆ ನಾನು ಬೆಳ್ಳುಳ್ಳಿ ಸುಲಿಯಲು ಕೊಡುತ್ತೇನಲ್ಲ, ಅದಕ್ಕೆ.

ಇನ್ನೊಂದು ಸಂಗತಿ ಹೇಳಬೇಕು, ಕಥೆಗೆ ಅದೇ ಅಡಿಪಾಯ. ಅವರಿಗೆ ರಿವರ್ಸ್ ಬರುವುದಿಲ್ಲ. ಕಲಿಯುವಾಗ ಒಮ್ಮೆ ಹಿಂದಕ್ಕೆ ಹೋಗಿ ಎಳನೀರಿನವನ ಗಾಡಿಗೆ ಗುದ್ದಿದರು, ಇಡೀ ರಸ್ತೆಗೆ ಎಳನೀರು ಉರುಳಿದವು. ಅಂದೇ ಶಪಥ ಮಾಡಿದರು: "ಮುಂದ ಎಷ್ಟ್ ಬೇಕಾದ್ರೂ ಹೋಗ್ತೀನಿ. ದಿಲ್ಲಿಗೆ ಹೋಗು ಅಂದ್ರ ಹೋಗ್ತೀನಿ. ಹಿಂದ ಮಾತ್ರ ಹೋಗಂಗಿಲ್ಲ." ಮದುವೆಯಾದ ಮೂವತ್ತೆಂಟು ವರ್ಷಗಳಲ್ಲಿ ಯಾವ ವಾದದಲ್ಲೂ ಒಂದಡಿ ಹಿಂದೆ ಸರಿದವರಲ್ಲ ಅವರು. ಕಾರಿನಲ್ಲಿ ಸರಿದಾರೆಯೇ?

ಹೀಗಿರುವಾಗ ಒಂದು ದಿನ ಗಲ್ಲಿಯಲ್ಲಿ ಪಾಲಿಕೆಯವರ ಬೋರ್ಡು ಬಿತ್ತು. ಬೆಸ ತಾರೀಖಿಗೆ ಕಾರುಗಳು ಹೋಟೆಲಿನ ಬದಿ ನಿಲ್ಲಬೇಕು, ಸಮ ತಾರೀಖಿಗೆ ಶಾಲೆಯ ಗೋಡೆಯ ಬದಿ. ದಿನವೂ ಬೆಳಿಗ್ಗೆ ಎಂಟಕ್ಕೆ ಬದಲಾವಣೆ. ಎಂಟರ ನಂತರ ತಪ್ಪು ಬದಿಯಲ್ಲಿದ್ದ ಗಾಡಿಯನ್ನು ಟೋವಿಂಗ್ ವ್ಯಾನು ಕೊಕ್ಕೆ ಹಾಕಿ ಎತ್ತಿಕೊಂಡು ಹೋಗುತ್ತದೆ.

ರಿವರ್ಸ್ ಬರುವವರಿಗೆ ಇದೇನು ಕಷ್ಟವಲ್ಲ. ಸ್ಟೇರಿಂಗು ತಿರುಗಿಸಿ, ಓರೆಯಾಗಿ ಎದುರು ಬದಿಗೆ ದಾಟಿ, ಎರಡು ಕಾರುಗಳ ನಡುವೆ ಹಿಂದುಹಿಂದಾಗಿ ತೂರಿಕೊಂಡರೆ ಆಯಿತು. ನಮ್ಮವರು ಹಾಗಲ್ಲ. ಹತ್ತಡಿ ಆಚೆಯ ಬದಿಗೆ ಹೋಗಲು ಗಲ್ಲಿ ಬಿಟ್ಟು, ಮುಖ್ಯರಸ್ತೆ ಹಿಡಿದು, ಎರಡು ಸಿಗ್ನಲು ದಾಟಿ, ಸ್ಟೇಷನ್ ಸುತ್ತಿ, ಮತ್ತೆ ಗಲ್ಲಿಯ ಬಾಯಿಗೆ ಬಂದು, ಅಲ್ಲಿಂದ ನೇರವಾಗಿ ಮೂತಿ ಮುಂದೆ ಮಾಡಿ ನುಗ್ಗಬೇಕು. ನುಗ್ಗಲು ಎರಡು ಕಾರಿನಷ್ಟು ಉದ್ದ ಜಾಗ ಖಾಲಿ ಇರಬೇಕು. ಚೆಂಬೂರಿನಲ್ಲಿ ಎಂಟು ಗಂಟೆಗೆ ಎರಡು ಕಾರಿನ ಜಾಗ! ಅವರು ಸುತ್ತಿ ಬರುವಷ್ಟರಲ್ಲಿ ಸೈಕಲ್ಲು ನಿಲ್ಲಿಸಲೂ ಸಂದಿ ಇರುತ್ತಿರಲಿಲ್ಲ. ವಿಧಿಯಿಲ್ಲದೆ ತಪ್ಪು ಬದಿಯಲ್ಲೇ ನಿಲ್ಲಿಸಿ, ಒಂದೇ ವಾರದಲ್ಲಿ ಎರಡು ಸಲ ಕಾರು ಕೊಕ್ಕೆಗೆ ಸಿಕ್ಕಿತು. (ಮೂವತ್ತೊಂದು, ಒಂದು ಎರಡೂ ಬೆಸ, ಆವತ್ತು ದಾಟಬೇಕಾಗಿಲ್ಲ ಎಂದು ಕ್ಯಾಲೆಂಡರಿನಲ್ಲಿ ಕಂಡುಹಿಡಿದ ದಿನ ಅವರು ಜಿಲೇಬಿ ತಂದಿದ್ದರು. ಆ ಮಟ್ಟಕ್ಕೆ ಇಳಿದಿತ್ತು ನಮ್ಮ ಸಂತೋಷ.)

ಎರಡನೆಯ ಸಲ ಬಿಡಿಸಿಕೊಂಡು ಬಂದವರು ಊಟಕ್ಕೆ ಕೂತು ರೊಟ್ಟಿಯನ್ನು ಹಾಗೇ ನೋಡುತ್ತಿದ್ದರು.

"ಏನ್ರೀ, ರೊಟ್ಟಿ ಮ್ಯಾಲೇನರ ಬರದೈತೇನು?" ಎಂದೆ.

"ಅದನ್ನ ಹಿಂದಿಂದ ಎತ್ತಿದ್ರು ಮಹಾದೇವಿ. ಹೆಣ ಎತ್ತಿದಂಗ. ಮುಂದಿನ ಎರಡ ಗಾಲಿ ನೆಲದ ಮ್ಯಾಲೆ ತೆವಳತಿದ್ವು," ಎಂದರು. ಒಂದು ತುತ್ತು ಉಪ್ಪಿನಕಾಯಿಗೆ ಒತ್ತಿ ಹಾಗೇ ಬಿಟ್ಟು, "ಮಾರಿಬಿಡ್ತೀನಿ," ಎಂದರು.

ಜಗಳ ಮಾಡಿದ್ದರೆ ನಾನೂ ಮಾಡುತ್ತಿದ್ದೆ. ಈ ಸಣ್ಣ ದನಿ ನನಗೆ ಆಗುವುದಿಲ್ಲ. ಈ ಮನುಷ್ಯ ಜೀವಮಾನದಲ್ಲಿ ತನಗಾಗಿ ತಂದುಕೊಂಡದ್ದು ಅದೊಂದೇ. ರೇಷನ್ ಮೋರ್ಚಾ, ನೀರಿನ ಮೋರ್ಚಾ ಎಂದು ನಾನು ರಸ್ತೆಯ ಮೇಲಿದ್ದ ದಿನಗಳಲ್ಲಿ, ನಾನು ಲಾಕಪ್ಪಿನಲ್ಲಿ ಕೂತ ಎರಡು ದಿನ ಕೂಡ, ಮನೆಯಲ್ಲಿ ಅನ್ನಕ್ಕಿಟ್ಟವರು ಇವರೇ. ನನಗೂ ರೋಷ ಬಂತು. "ಮಾರೂದೇನ್ ಬ್ಯಾಡ. ಇದೇ ಗಲ್ಲಿಯೊಳಗ ನಿಮ್ಮ ಗಾಡಿಗೆ ದಿನಾ ಜಾಗ ಹಿಡದ ಕೊಡ್ತೀನಿ. ಇದು ಮಹಾದೇವಿ ಮಾತು," ಎಂದೆ.

ಜಾಗ ಹಿಡಿಯುವುದನ್ನು ಮುಂಬಯಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಲೋಕಲ್ ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಮಾಡಿದವರು ನಾವು. ಮೊದಲ ದಿನ ಬಕೆಟ್ಟು ಇಟ್ಟೆ. ಬಕೆಟ್ಟು ಹೋಯಿತು, ಮಗ್ಗು ಮಾತ್ರ ಉಳಿಯಿತು. ಮುರಿದ ಟೀಪಾಯಿ ಇಟ್ಟೆ, ಧಾರಾವಿಯ ಭಂಗಾರಿನವನು, ಅಂದರೆ ಗುಜರಿಯವನು, ಅದನ್ನು ತನ್ನ ತಳ್ಳುಗಾಡಿಗೇರಿಸಿ ನನಗೇ ಹತ್ತು ರೂಪಾಯಿ ಕೊಟ್ಟು ಹೋದ. ತುಳಸಿ ಕುಂಡ ಇಟ್ಟೆ, ಯಾರೋ ಭಕ್ತರು ಕೈಮುಗಿದು, ನಯವಾಗಿ ಎತ್ತಿ ಬದಿಗಿಟ್ಟು, ಕಾರು ನಿಲ್ಲಿಸಿದ್ದರು.

ಆಗ ನನ್ನ ಹಳೆಯ ವಿದ್ಯೆ ನೆನಪಾಯಿತು. ಬಕೆಟ್ಟನ್ನು ಯಾರೂ ಎತ್ತಬಹುದು. ಕೂತ ಹೆಂಗಸನ್ನು ಎತ್ತಲು ಮಹಿಳಾ ಪೊಲೀಸೇ ಬೇಕು. ಅವರು ಬರುವುದಕ್ಕೆ ಏನಿಲ್ಲವೆಂದರೂ ಎರಡು ಗಂಟೆ.

ಕೂಲಿ ಗೊತ್ತುಮಾಡಿಕೊಂಡೆ, ಆಗಲೇ ಹೇಳಿದೆನಲ್ಲ. ಮರುದಿನ ಆರೂವರೆಗೆ, ಎಂಟರ ನಂತರ ಕಾರು ನಿಲ್ಲಬೇಕಾದ ಖಾಲಿ ಬದಿಯಲ್ಲಿ ಎರಡು ಕುರ್ಚಿ ಹಾಕಿದೆ. ಒಂದರಲ್ಲಿ ಕೂತೆ, ಒಂದರ ಮೇಲೆ ಕಾಲು ಚಾಚಿದೆ. ಕೈಚೀಲ ಒಂದು ಕಡೆ, ಚಪ್ಪಲಿ ಒಂದು ಕಡೆ. ಎರಡು ಕಾರಿನ ಉದ್ದ ಸರಿಯಾಗಿ ಆಯಿತು. ಎಂಟು ಗಂಟೆಗೆ ಮೂರು ಕಾರಿನವರು ಬಂದು ಹಾರ್ನು ಹೊಡೆದರು. ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದೆ, ತಲೆ ಎತ್ತಲಿಲ್ಲ. ಎಂಟೂ ಹತ್ತಕ್ಕೆ ಗಲ್ಲಿಯ ಬಾಯಲ್ಲಿ ಆಕಾಶದ ಬಣ್ಣ ಕಾಣಿಸಿತು. ಶಂಕ್ರೆಪ್ಪನವರು ಮದುಮಗನ ಹಾಗೆ ನೇರವಾಗಿ ಬಂದು, ನಾನು ಎದ್ದ ಜಾಗಕ್ಕೆ ಮೂತಿ ತೂರಿಸಿ, ನಿಲ್ಲಿಸಿ, ಇಳಿದು, ಒರೆಸಲು ಶುರುಮಾಡಿದರು.

ಇದು ಗಲ್ಲಿಯ ಕಣ್ಣಿಗೆ ಬೀಳದೆ ಇರುತ್ತದೆಯೇ? ಎರಡನೆಯ ದಿನ ಎರಡನೆಯ ಮಾಳಿಗೆಯ ವಿಮಲಾ ಒಂದು ಮಡಚುವ ಕುರ್ಚಿ, ಬೆನ್ನಿಗೊಂದು ದಿಂಬು ತಂದರು. ಮೈಸೂರಿನ ಹೆಣ್ಣುಮಗಳು, ರಸ್ತೆಯ ಮೇಲೆ ಕೂರುವುದಕ್ಕೂ ಸೀರೆಯ ನೆರಿಗೆ ಸರಿಮಾಡಿಕೊಂಡರು. "ನಮ್ಮೆಜಮಾನ್ರಿಗೂ ಜಾಗ ಸಿಗ್ತಿಲ್ಲ ಮಹಾದೇವಮ್ಮ. ನಿಮ್ಮ ಪಕ್ಕದಲ್ಲಿ ಕೂತ್ರೆ ಧೈರ್ಯ," ಎಂದರು. ಮೂರನೆಯ ದಿನ ಶೆಟ್ಟರ ಹೆಂಡತಿ ಶೀಲಾವತಿ ಹೋಟೆಲಿನ ಸ್ಟೂಲು ತಂದಳು. ಉಡುಪಿ ಕಡೆಯವಳು, ಗಟ್ಟಿ ದನಿ.

"ಎಂಥದು ಮಾರಾಯ್ತಿ, ನೀವು ಎರಡು ಕಾರಿನ ಜಾಗ ತಿಂತಾ ಇದ್ದೀರಿ. ಕಾಲು ಮಡಚ್ಲಿಕ್ಕೆ ಆಗುದಿಲ್ವಾ?"

"ಕಾಲು ನಂದು, ಸಮಸ್ಯೆ ನಮ್ಮನಿಯವರದು," ಎಂದೆ. "ಅವ್ರು ಹಿಂದ ಬರಂಗಿಲ್ಲ."

"ಓ ದೇವರೇ! ನಮ್ಮವರು ಒಮ್ಮೆಯೂ ಮುಂದೆ ಬರುದಿಲ್ಲ, ನಾನು ಯಾರಿಗೆ ಹೇಳುದು?"

ವಾರದೊಳಗೆ, ನನ್ನ ಕಾಲಿನ ಕುರ್ಚಿ ಬಿಟ್ಟು, ಹತ್ತೊಂಬತ್ತು ಕುರ್ಚಿಯಾಯಿತು. ಅಷ್ಟು ಹೆಂಗಸರು ಒಂದೆಡೆ ಸೇರಿದರೆ ಕಾನೂನು ಬೇಕಲ್ಲ. ಲೇಡೀಸ್ ಡಬ್ಬಿಯ ಕಾನೂನನ್ನೇ ತಂದೆವು. ಲೋಕಲ್‌ನಲ್ಲಿ ಕೂತವರನ್ನು ನಿಂತವರು ಕೇಳುವುದಿಲ್ಲವೆ, ಯಾವ ಸ್ಟೇಷನ್ನಿಗೆ ಇಳಿಯುತ್ತೀರಿ ಎಂದು? ಹಾಗೆಯೇ ಇಲ್ಲೂ. "ನಿಮ್ಮ ಗಾಡಿ ಎಷ್ಟು ಗಂಟೆಗೆ ಆಫೀಸಿಗೆ ಹೊರಡ್ತದೆ? ಒಂಬತ್ತಕ್ಕಾ? ಆಮೇಲಿನ ಜಾಗ ನಂದು." ಹೇಳಿದ ಮೇಲೆ ಮುಗಿಯಿತು, ಅದು ಕಲ್ಲಿನ ಮೇಲೆ ಕೆತ್ತಿದ ಹಾಗೆ. ತಪ್ಪಿದವರ ಜೊತೆ ಮಾತು ಬಂದ್.

ನಿಜ ಹೇಳುತ್ತೇನೆ, ಆ ಬೆಳಗುಗಳು ಚೆನ್ನಾಗಿದ್ದವು. ಒಂದು ಬದಿಯ ರಸ್ತೆ ಪೂರ್ತಿ ಖಾಲಿ. ಮುಂಬಯಿಯಲ್ಲಿ ಖಾಲಿ ನೆಲ ಕಂಡರೆ ಕಣ್ಣಿಗೆ ತಣ್ಣಗಾಗುತ್ತದೆ. ಸಾಲಾಗಿ ಕುರ್ಚಿ, ಮಡಿಲಲ್ಲಿ ತರಕಾರಿ, ಫ್ಲಾಸ್ಕಿನ ಚಹಾ ಕೈಯಿಂದ ಕೈಗೆ. ಅತ್ತೆಯಂದಿರ ವಿಷಯ ಒಂದು ತುದಿಯಿಂದ ಹೊರಟು ಇನ್ನೊಂದು ತುದಿ ಮುಟ್ಟುವಾಗ ಎರಡರಷ್ಟಾಗಿರುತ್ತಿತ್ತು. ಎಂಟಾಯಿತೆಂದರೆ ಸಾಕು, ಹಾರ್ನು, ಹೊಗೆ, ಗಂಡಂದಿರು.

ಹನ್ನೆರಡನೆಯ ದಿನ ಸಮ ತಾರೀಖು. ಶಾಲೆಯ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆವು.

"ಈ ಎಂಟು ಗಂಟೆ ಅನ್ನೋದು ಬರ್ದೇ ಇದ್ರೆ ಎಷ್ಟು ಚೆನ್ನಾಗಿತ್ತು, ಅಲ್ವಾ?" ಎಂದರು ವಿಮಲಾ, ಅವರೆಕಾಯಿ ಬಿಡಿಸುತ್ತ.

"ಕಾರೇ ಬರದಿದ್ರೆ ಇನ್ನೂ ಚೆಂದ," ಎಂದಳು ಶೀಲಾವತಿ. "ಮಕ್ಕಳಿಗೆ ಆಡ್ಲಿಕ್ಕೆ ಆಗ್ತಿತ್ತು. ನಾವು ಸಂಜೆಗೂ ಕೂರಬಹುದಿತ್ತು."

ಅಷ್ಟರಲ್ಲಿ ಗಲ್ಲಿಗೆ ಎರಡು ವ್ಯಾನು ಬಂದವು. ಒಂದು ಟ್ರಾಫಿಕ್ ಪೊಲೀಸರದು, ಒಂದು ಪಾಲಿಕೆಯದು. ಯಾರೋ ಪುಣ್ಯಾತ್ಮ ಮೇಲಿನಿಂದ ನಮ್ಮ ವಿಡಿಯೋ ಮಾಡಿ 'ಮಹಿಳೆಯರ ರಸ್ತೆ ತಡೆ' ಎಂದು ಹೆಸರು ಕೊಟ್ಟು ಹರಿಯಬಿಟ್ಟಿದ್ದನಂತೆ. ಪೊಲೀಸರ ವ್ಯಾನಿನಿಂದ ಶಿರ್ಕೆ ಎಂಬ ಸಾಹೇಬರು ಇಳಿದರು. ಪಾಲಿಕೆಯದರಿಂದ ಒಬ್ಬರು ಹೆಣ್ಣುಮಗಳು, ಇಂಜಿನಿಯರ್ ಬಾಯಿ, ಇಳಿದರು, ಕೈಯಲ್ಲಿ ಫೈಲು.

ಶಿರ್ಕೆ ಸಾಹೇಬರು ಹತ್ತೊಂಬತ್ತು ಕುರ್ಚಿಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ ಕೇಳಿದರು: "ಲೀಡರ್ ಕೋಣ್?"

ಹದಿನೆಂಟು ಬೆರಳು ನನ್ನತ್ತ ತಿರುಗಿದವು. ವಿಮಲಾ ಅವರದು ಅವರೆಕಾಯಿ ಸಮೇತ.

ಓದುಗರೇ, ಇಪ್ಪತ್ತು ವರ್ಷವಾಗಿತ್ತು ನನ್ನನ್ನು ಯಾರಾದರೂ ಹಾಗೆ ಕೇಳಿ. ಎದೆಯೊಳಗೆ ಏನೋ ಎದ್ದು ನಿಂತಿತು. ಅದರ ಹಿಂದೆ ನಾನೂ ಎದ್ದು ನಿಂತೆ.

"ಆಜಿ, ಮಾಗಣಿ ಕಾಯ್ ಆಹೇ?" ಎಂದರು ಸಾಹೇಬರು. ಅಜ್ಜಿ, ನಿಮ್ಮ ಬೇಡಿಕೆ ಏನು ಎಂದು.

ಇಲ್ಲೇ ನಾನು ಎಡವಿದ್ದು. 'ಬೇಡಿಕೆ ಏನೂ ಇಲ್ಲ ಸಾಹೇಬರೇ, ನಮ್ಮ ಯಜಮಾನರು ಸ್ಟೇಷನ್ ಸುತ್ತಿಕೊಂಡು ಬರುತ್ತಿದ್ದಾರೆ, ಬಂದಕೂಡಲೇ ಎದ್ದು ಹೋಗುತ್ತೇವೆ' ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಬೇಡಿಕೆಯಿಲ್ಲದೆ ರಸ್ತೆಯ ಮೇಲೆ ಕೂತಿದ್ದೇನೆ ಎಂದು ಪೊಲೀಸರ ಮುಂದೆ ಒಪ್ಪಿಕೊಳ್ಳುವುದು ನನ್ನಂಥವಳಿಗೆ ಸೆರಗು ಜಾರಿದಷ್ಟು ಅವಮಾನ. ಬೇಡಿಕೆ ಇರಲಿಲ್ಲ, ಸರಿ. ನಿಂತಲ್ಲೇ ಮಾಡಿಕೊಂಡೆ.

ಕುರ್ಚಿಯ ಮೇಲೆ ಹತ್ತಿದೆ. (ಪ್ಲಾಸ್ಟಿಕ್ ಕುರ್ಚಿ ಬಾಗಿತು, ಮುರಿಯಲಿಲ್ಲ.) "ರಸ್ತಾ ಕೋಣಾಚಾ?" ಎಂದು ಕೂಗಿದೆ. ರಸ್ತೆ ಯಾರದು?

"ಆಮಚಾ!" ನಮ್ಮದು ಎಂದು ಹದಿನೆಂಟು ಗಂಟಲು. ಶಾಲೆಯ ಗೋಡೆಯಿಂದ ಪಾರಿವಾಳಗಳೆಲ್ಲ ಹಾರಿಹೋದವು.

ಇನ್ನು ನನ್ನನ್ನು ಹಿಡಿಯುವವರು ಯಾರು? ಮರಾಠಿಯಲ್ಲಿ ಶುರುವಾಗಿ ಹಿಂದಿಗೆ ಜಿಗಿದು ಕನ್ನಡದಲ್ಲಿ ಕೊನೆಗಂಡೆ. ಈ ರಸ್ತೆಯಲ್ಲಿ ಮುದುಕರು ನಡೆಯಲಾರರು ಎಂದೆ. ಮಕ್ಕಳು ಆಡಲಾರರು ಎಂದೆ. ಬೆಂಕಿ ಬಿದ್ದರೆ ಆರಿಸುವ ಗಾಡಿ, ಆ ಬಂಬ, ಒಳಗೆ ಬರಲಾರದು ಎಂದೆ. ಮನುಷ್ಯರಿಗೆ ನಿಲ್ಲಲು ಜಾಗವಿಲ್ಲದ ಊರಿನಲ್ಲಿ ತಗಡಿನ ಡಬ್ಬಿಗಳು ಹಗಲೂ ರಾತ್ರಿ ಮಲಗಿರುತ್ತವೆ ಎಂದೆ. ಕೊನೆಗೆ ಕೈಯೆತ್ತಿ ಹೇಳಿದೆ: "ಬೆಸ ಇಲ್ಲ, ಸಮ ಇಲ್ಲ! ಈ ಗಲ್ಲಿಯಲ್ಲಿ ಎರಡೂ ಬದಿ, ಮೂವತ್ತೂ ದಿನ, ಒಂದು ಗಾಡಿಯೂ ನಿಲ್ಲಕೂಡದು!"

ಚಪ್ಪಾಳೆಯೆಂದರೆ ಚಪ್ಪಾಳೆ. ಶೀಲಾವತಿ ಸ್ಟೂಲನ್ನೇ ಬಡಿದಳು. ಒಬ್ಬಳಿಗೂ ತನ್ನ ಮನೆಯಲ್ಲಿ ಕಾರಿದೆ ಎಂಬುದು ನೆನಪಿರಲಿಲ್ಲ. ನನಗೂ ಇರಲಿಲ್ಲ.

ನನ್ನ ಅನುಭವದಲ್ಲಿ ಇದಾದ ಮೇಲೆ ನಡೆಯುವುದು ಇಷ್ಟೇ. ಸಾಹೇಬರು 'ವಿಚಾರ ಮಾಡುತ್ತೇವೆ' ಅನ್ನುತ್ತಾರೆ. ನಾವು ಧಿಕ್ಕಾರ ಅನ್ನುತ್ತೇವೆ. ಕಮಿಟಿಯಾಗುತ್ತದೆ. ಹತ್ತು ವರ್ಷ ಕಳೆಯುತ್ತದೆ. ನಲವತ್ತು ವರ್ಷಗಳಲ್ಲಿ ನಾನು ಕೇಳಿದ ಯಾವುದೂ ಕೇಳಿದ ದಿನ ಸಿಕ್ಕಿಲ್ಲ. ಅದೇ ಧೈರ್ಯದ ಮೇಲೆ ಅಷ್ಟು ದೊಡ್ಡದು ಕೇಳಿದ್ದೆ.

ಇಂಜಿನಿಯರ್ ಬಾಯಿಯ ಕಣ್ಣಲ್ಲಿ ನೀರಿತ್ತು. ನನ್ನ ಕೈ ಹಿಡಿದುಕೊಂಡು ಹೇಳಿದರು, ಬಂಬ ತಿರುಗಲು ಈ ಗಲ್ಲಿ ಖಾಲಿ ಮಾಡಿ ಎಂದು ಅಗ್ನಿಶಾಮಕದವರು ಆರು ತಿಂಗಳಿಂದ ಕೇಳುತ್ತಿದ್ದಾರಂತೆ. ಕಾರಿನವರು ಗಲಾಟೆ ಮಾಡಿಯಾರು ಎಂದು ಹೆದರಿ ಕೂತಿದ್ದರಂತೆ. "ಕಾರಿನ ಮನೆಯವರೇ ಮುಂದೆ ಬಂದು ಕೇಳಿದ್ದು ನನ್ನ ನೌಕರಿಯಲ್ಲಿ ಇದೇ ಮೊದಲು ತಾಯಿ," ಎಂದರು. ಆದೇಶ ಫೈಲಿನಲ್ಲೇ ತಯಾರಿತ್ತು. ಬೋರ್ಡು ವ್ಯಾನಿನಲ್ಲೇ ಇತ್ತು. ನಾಗರಿಕರ ಒಪ್ಪಿಗೆ ಎಂಬಲ್ಲಿ ಮಾತ್ರ ಖಾಲಿ ಇತ್ತು. ಪೆನ್ನು ಕೊಟ್ಟರು.

ಮೊದಲನೆಯ ಸಹಿ ನನ್ನದು. ದೊಡ್ಡದಾಗಿ, ಕನ್ನಡದಲ್ಲಿ.

ಇಬ್ಬರು ಏಣಿ ಹಾಕಿ ಕಂಬಕ್ಕೆ ಬೋರ್ಡು ಬಿಗಿಯುತ್ತಿದ್ದರು. ಶೀಲಾವತಿ ಹೋಟೆಲಿನ ದೇವರ ಫೋಟೋದ ಹಾರವನ್ನೇ ಕಿತ್ತು ತಂದು ನನ್ನ ಕೊರಳಿಗೆ ಹಾಕಿದ್ದಳು. ಆಗ ಎಂಟೂ ಹತ್ತು. ಗಲ್ಲಿಯ ಬಾಯಲ್ಲಿ ಆಕಾಶದ ಬಣ್ಣ ಕಾಣಿಸಿತು. ಇಂಡಿಕೇಟರು ಪಿಳಿಪಿಳಿ ಅನ್ನುತ್ತಿತ್ತು.

ಕಾರು ನನ್ನ ಪಕ್ಕ ಬಂದು ನಿಂತಿತು. ಕಿಟಕಿ ಇಳಿಯಿತು.

"ಏಳ ಮತ್ತ. ಜಾಗ ಬಿಡ," ಎಂದರು ಶಂಕ್ರೆಪ್ಪನವರು. ಹಾರ ನೋಡಿ, "ಇದ್ಯಾಕ? ಏನಾತು?"

"ಗೆದ್ವಿ ರೀ," ಎಂದೆ. ದನಿ ಯಾಕೋ ಸಣ್ಣಗೆ ಬಂತು.

"ಚೊಲೋ ಆತು. ಏನ್ ಗೆದ್ರಿ?"

"ಗಲ್ಲಿ."

"ಗಲ್ಲಿ ಗೆದ್ರ ಗಾಡಿ ಎಲ್ಲಿ ನಿಲ್ಲಸ್ಲಿ?"

ಅವರು ತಲೆ ಎತ್ತಿ ಕಂಬ ನೋಡಿದರು. ನೋ ಪಾರ್ಕಿಂಗ್, ಎರಡೂ ಬದಿ. ಆಮೇಲೆ ನನ್ನನ್ನು ನೋಡಿದರು. ಆಮೇಲೆ ಹಾರವನ್ನು. ಶಿರ್ಕೆ ಸಾಹೇಬರು ಬಾನೆಟ್ಟು ತಟ್ಟಿ, "ಕಾಕಾ, ಚಲಾ ಪುಢೇ," ಮುಂದೆ ಹೋಗಿ ಎಂದರು. ನಮ್ಮವರಿಗೆ ಬರುವುದು ಅದೊಂದೇ ತಾನೆ? ಮುಂದೆ ಹೋದರು. ಪೆಟ್ರೋಲು ಮುಳ್ಳು ಕೆಂಪಿಗೆ ಬರುವವರೆಗೂ ಹೋಗುತ್ತಲೇ ಇದ್ದರು. ಮಧ್ಯಾಹ್ನ ಎರಡಕ್ಕೆ ಘಾಟ್ಕೋಪರಿನಿಂದ ಫೋನು ಬಂತು. ಧನರಾಜ್ ಶೆಟ್ಟರ ಭಾವನ ಗೋದಾಮಿನ ಅಂಗಳ ಎದುರಿಗೇ ಸಿಕ್ಕಿತಂತೆ, ಗೇಟು ತೆರೆದಿತ್ತಂತೆ, ನುಗ್ಗಿದರಂತೆ.

ಉಳಿದ ಹದಿನೆಂಟು ಮನೆಯ ಕಾರುಗಳು ಸಂಜೆಯೊಳಗೆ ಬೇರೆ ಗಲ್ಲಿಗಳ ಒಂದೊಂದು ಸಂದಿಯಲ್ಲಿ ಸೇರಿಕೊಂಡವು. ಅವರಿಗೆಲ್ಲ ರಿವರ್ಸ್ ಬರುತ್ತದೆ.

ಇದಾಗಿ ಮೂರು ವಾರ. ಗಲ್ಲಿ ಸ್ವರ್ಗವಾಗಿದೆ. ಮಕ್ಕಳು ಕ್ರಿಕೆಟ್ ಆಡುತ್ತಾರೆ, ಹೆಂಗಸರು ಎರಡೂ ಹೊತ್ತು ಕುರ್ಚಿ ಹಾಕುತ್ತಾರೆ, ನಾನು ಇಳಿದು ಬಂದರೆ ಎದ್ದು ಜಾಗ ಕೊಡುತ್ತಾರೆ. ಮನೆಯಲ್ಲಿ ಮಾತ್ರ ಶಂಕ್ರೆಪ್ಪನವರು ಬೆಳಿಗ್ಗೆ ಎದ್ದು, ಚೀಲದಲ್ಲಿ ಎರಡು ಬಟ್ಟೆ ಮತ್ತು ಪೇಪರು ಇಟ್ಟುಕೊಂಡು, ಬಸ್ಸು ಹಿಡಿದು ಘಾಟ್ಕೋಪರಿಗೆ ಹೋಗುತ್ತಾರೆ. ಕಾರು ಒರೆಸಿ, ಒಳಗೆ ಕೂತು ಓದಿ, ಬಸ್ಸಿನಲ್ಲಿ ನಿಂತು ವಾಪಸು ಬರುತ್ತಾರೆ. ದೋಸೆಯ ಲೆಕ್ಕ ಬಿಟ್ಟರೆ ನನಗೆ ಒಂದು ಮಾತೂ ಅಂದಿಲ್ಲ. ನಿನ್ನೆ ಮಾತ್ರ, ಭಾನುವಾರ ಗೋದಾಮಿಗೆ ಮಾಲು ಬರುತ್ತದೆ, ಅಂಗಳ ಖಾಲಿ ಮಾಡಬೇಕು ಎಂದರು. ಗಿರಾಕಿ ಸಿಕ್ಕಿದ್ದಾನೆ, ಕೊಟ್ಟುಬಿಡುತ್ತೇನೆ ಎಂದರು. ಅದೇ ಸಣ್ಣ ದನಿ.

ಬೋರ್ಡು ತೆಗೆಸೋಣವೆಂದು ವಾರ್ಡ್ ಆಫೀಸಿಗೂ ಹೋಗಿದ್ದೆ. ಇಂಜಿನಿಯರ್ ಬಾಯಿ ನನ್ನನ್ನು ಎಲ್ಲರಿಗೂ ತೋರಿಸಿ ಚಹಾ ಕುಡಿಸಿದರು. ಗೋಡೆಯ ಮೇಲೆ ಹಾರ ಹಾಕಿಕೊಂಡ ನನ್ನ ಫೋಟೋ ಇತ್ತು. ಬಂದ ಕೆಲಸ ಹೇಳಲು ಬಾಯಿ ಬರಲಿಲ್ಲ. ಹೇಳಿದ್ದರೂ, ತಿರುಗಿ ಗಲ್ಲಿಗೆ ಕಾಲಿಟ್ಟಾಗ ಆ ಹದಿನೆಂಟು ಜನ ನನ್ನನ್ನು ಹಸಿಯಾಗಿ ತಿನ್ನುತ್ತಿದ್ದರು.

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಹೌದು, ನಿಮ್ಮನ್ನೇ, ಓದಿ ನಕ್ಕು ಮಗುಚಿಡಲು ಹೊರಟವರನ್ನು. ಮುಲುಂಡಿನಿಂದ ಮಾನ್‌ಖುರ್ದಿನವರೆಗೆ ಎಲ್ಲಾದರೂ ನಿಮಗೊಂದು ಅಂಗಳವಿದೆ, ಅಥವಾ ಅಂಗಳವಿರುವ ನೆಂಟರಿದ್ದಾರೆ. ಎರಡು ಕಾರಿನ ಉದ್ದ ಬೇಕು. ನೇರ ಒಳಗೆ ಬರುವಂತಿರಬೇಕು, ನೇರ ಹೊರಗೆ ಹೋಗುವಂತಿರಬೇಕು. ಶನಿವಾರ ಸಂಜೆಯೊಳಗೆ ಬೇಕು. ವಿಚಾರ ಮಾಡುತ್ತೇವೆ ಅನ್ನಬೇಡಿ, ಕಮಿಟಿ ಮಾಡಬೇಡಿ. ಕೊಡುತ್ತೀರೋ, ಇಲ್ಲವೋ?